ದೊಡ್ಡದು ಯಾವುದು, ಚಿಕ್ಕದು ಯಾವುದು

ಪಂಕಜಾ: ಮೊದಲು ಹೊರಗೆ ಬಂದದ್ದೇ ದೊಡ್ಡದು ಕಣ್ರೀ. ಇದರಲ್ಲಿ ವಾದ ಮಾಡೋಕೆ ಏನಿದೆ?

ನಾಗಲಕ್ಷ್ಮಮ್ಮ: ಹಂಗಲ್ಲ ಬೀಗರೇ. ನಮ್ಮ ಕಡೆ ಕೊನೇಲಿ ಬಂದದ್ದನ್ನೇ ದೊಡ್ಡದು ಅನ್ನೋದು. ಲಿಫ್ಟ್ ನೋಡಿಲ್ವ ನೀವು? ಮೊದಲು ಹತ್ತಿದೋರು ಹಿಂದೆ ಗೋಡೆಗೆ ಅಂಟ್ಕೊಂಡು ನಿಂತಿರ್ತಾರೆ. ಕೊನೇಲಿ ಹತ್ತಿದೋರು ಬಾಗಿಲ ಹತ್ರ ಇರ್ತಾರೆ, ಮೊದಲು ಇಳೀತಾರೆ.

ಪಂಕಜಾ: ನನ್ನ ಸೊಸೆ ಹೊಟ್ಟೆ ಲಿಫ್ಟೇನ್ರೀ?

ಹೀಗೆ ಲಿಫ್ಟಾದ ಹೊಟ್ಟೆಯನ್ನು ಹೊತ್ತುಕೊಂಡು ಶರಣ್ಯ ತುಮಕೂರು ರಸ್ತೆಯ ಆಸ್ಪತ್ರೆಯೊಂದರ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದಳು. ಒಳಗಿರುವುದು ಅವಳಿ. ಒಂದು ಕೂಸು ಅಡ್ಡ ಮಲಗಿದೆ, ಸಿಸೇರಿಯನ್ನೇ ಸರಿ ಎಂದು ಡಾಕ್ಟರು ಮೊದಲೇ ದಿನ ಗೊತ್ತುಮಾಡಿದ್ದರು. ನಾಳೆ ಬೆಳಿಗ್ಗೆ ಆಪರೇಷನ್. ದಿನ ಮೊದಲೇ ಗೊತ್ತಾದರೆ ಇದೊಂದು ತೊಂದರೆ, ಜಗಳಕ್ಕೆ ತಯಾರಿ ಮಾಡಿಕೊಳ್ಳಲು ಬಂಧುಗಳಿಗೆ ಬೇಕಾದಷ್ಟು ಪುರುಸೊತ್ತು ಸಿಕ್ಕಿಬಿಡುತ್ತದೆ. ಮಂಚದ ಆ ಬದಿಗೆ ಊರಿನ ಒಂದು ತುದಿಯ ಹೂಡಿಯಿಂದ ಬಂದ ಅತ್ತೆ ಪಂಕಜಾ, ಈ ಬದಿಗೆ ಇನ್ನೊಂದು ತುದಿಯ ಲಗ್ಗೆರೆಯಿಂದ ಬಂದ ತಾಯಿ ನಾಗಲಕ್ಷ್ಮಮ್ಮ. ಗಂಡ ವಾದಿರಾಜ ಮಾತಿಗೆ ಮಾತು ಬೆಳೆದ ಕೂಡಲೇ ಕಾಫಿ ತರುತ್ತೇನೆಂದು ಎದ್ದವನು, ಕಾಫಿ ಬೆಳೆಯುವ ಊರಿಗೇ ಹೋದಂತಿತ್ತು.

ಜಗಳದ ಮೂಲ ಇಷ್ಟು. ಎರಡು ಕೂಸಿನ ಆರೈಕೆ ಒಬ್ಬರ ಕೈಲಾಗುವುದಿಲ್ಲವೆಂದು, ಬಾಣಂತನ ಮುಗಿಯುವವರೆಗೆ ಒಂದು ಲಗ್ಗೆರೆಯಲ್ಲಿ, ಒಂದು ಹೂಡಿಯಲ್ಲಿ ಎಂದು ಬೀಗಿತ್ತಿಯರಿಬ್ಬರೂ ಆಗಲೇ ಪಾಲು ಮಾಡಿ ಮುಗಿಸಿದ್ದರು. ಉಳಿದದ್ದು ಒಂದೇ, ದೊಡ್ಡ ಕೂಸು ಯಾರಿಗೆ ಎನ್ನುವುದು. ಶರಣ್ಯಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳಿಗೆ ನಾಳೆಯ ಚಾಕುವಿಗಿಂತ ಈ ಪಾಲಿನದೇ ಹೆದರಿಕೆ. ಇಷ್ಟು ತಿಂಗಳು ಒಟ್ಟಿಗೆ ಒದ್ದ ಎರಡನ್ನೂ ಒಟ್ಟಿಗೇ ಮಗ್ಗುಲಲ್ಲಿ ಹಾಕಿಕೊಂಡು ಮಲಗಬೇಕೆಂದು ಅವಳ ಆಸೆ.

ಶರಣ್ಯ: ಅತ್ತೆ, ಹೊಟ್ಟೆ ಮೇಲೆ ಹೊಲಿಗೆ ಇಟ್ಕೊಂಡು ಲಗ್ಗೆರೆಯಿಂದ ಹೂಡಿಗೆ ಹಾಲು ಕುಡಿಸೋಕೆ ಹೆಂಗೆ ಬರಲಿ?

ಪಂಕಜಾ: ನೀನ್ಯಾಕಮ್ಮ ಬರಬೇಕು? ವಾದಿ ಹಾಲು ತೆಗೆಯೋ ಪಂಪ್ ತರಿಸಿದಾನೆ. ಆಫೀಸಿಗೆ ಹೋಗೋ ದಾರೀಲಿ ಬಾಟ್ಲಿ ಕೊಟ್ಟು ಹೋಗ್ತಾನೆ.

ಶರಣ್ಯ: ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ದಾರೀಲಿ ಹೂಡಿ ಎಲ್ಲಿ ಬರುತ್ತೆ ಅತ್ತೆ?

ಪಂಕಜಾ: ಸ್ವಲ್ಪ ಸುತ್ತಾಗುತ್ತೆ, ಅಷ್ಟೆ.

ನಾಗಲಕ್ಷ್ಮಮ್ಮ: ನೀನು ಸುಮ್ಮನೆ ಮಲಗೇ. ನಾವು ಮಾತಾಡ್ತಿಲ್ವ?

ಪಂಕಜಾ: ನೋಡಿ ಬೀಗರೇ, ನಮ್ಮೋರು ಜೀವಮಾನವೆಲ್ಲ ಫ್ಯಾಕ್ಟರೀಲಿ ಕಳೆದೋರು. ಅಲ್ಲಿ ಮೊದಲು ಬಂದೋನೇ ಸೀನಿಯರ್.

ನಾಗಲಕ್ಷ್ಮಮ್ಮ: ಅದನ್ನೇ ತಾನೆ ನಾನೂ ಬಡ್ಕೊಳ್ತಿರೋದು? ಮೊದಲು ಒಳಗೆ ಬಂದೋನು ಸೀನಿಯರ್. ಮೊದಲು ಗೇಟು ದಾಟಿ ಮನೆಗೆ ಹೋದೋನಲ್ಲ.

ಪಂಕಜಾ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. ಅಷ್ಟರಲ್ಲಿ ಅವರ ಮುಖ ಅರಳಿತು.

ಪಂಕಜಾ: ಅಲ್ಲಾ, ನಿಮ್ಮ ಪ್ರಕಾರ ಕೊನೇಲಿ ಬಂದದ್ದು ದೊಡ್ಡದು. ನಮ್ಮ ಪ್ರಕಾರ ಮೊದಲು ಬಂದದ್ದು. ಮೊದಲನೇದು ನಮಗಿರಲಿ, ಕೊನೇದು ನಿಮಗಿರಲಿ. ಇಬ್ಬರಿಗೂ ದೊಡ್ಡದೇ ಸಿಕ್ಕ ಹಾಗಾಯ್ತಲ್ಲ.

ನಾಗಲಕ್ಷ್ಮಮ್ಮ: ಅಯ್ಯೋ, ಹೌದಲ್ಲ. ಬೆಳಿಗ್ಗೆಯಿಂದ ಸುಮ್ಮನೆ ಗಂಟಲು ಹರ್ಕೊಂಡ್ವಿ.

ನಾಗಲಕ್ಷ್ಮಮ್ಮನ ಡಬ್ಬಿಯ ಮುಚ್ಚಳ ತೆರೆಯಿತು, ಕೋಡುಬಳೆ ಮಂಚ ದಾಟಿ ಆ ಬದಿಗೆ ಹೋಯಿತು. ಇವರು ಜಗಳವಾಡುವಷ್ಟು ಹೊತ್ತೂ ತನ್ನ ಕೂಸುಗಳು ಒಟ್ಟಿಗಿದ್ದವು ಎಂದು ಶರಣ್ಯಳಿಗೆ ಆಗ ಹೊಳೆಯಿತು. ಇವರ ರಾಜಿಯೇ ಈಗ ತನ್ನ ಬುಡಕ್ಕೆ ಬಂದಿದೆ. ಅವಳು ಮೊಣಕೈ ಊರಿ ಎದ್ದು ಕೂತಳು.

ಶರಣ್ಯ: ಅಮ್ಮ, ಒಂದು ಅನುಮಾನ. ಬಾಗಿಲಿಂದ ಇಳಿದರೆ ತಾನೆ ಲಿಫ್ಟಲ್ಲಿ ಸರದಿ? ನಾಳೆ ಡಾಕ್ಟರು ಬಾಗಿಲಿನ ತಂಟೆಗೇ ಹೋಗಲ್ಲ. ಮೇಲಿಂದ ಕುಯ್ದು, ಕೈಗೆ ಸಿಕ್ಕಿದ್ದನ್ನ ಎತ್ತುತ್ತಾರೆ.

ನಾಗಲಕ್ಷ್ಮಮ್ಮನ ಕೈಯಲ್ಲಿದ್ದ ಕೋಡುಬಳೆ ಬಾಯಿಯ ಹತ್ತಿರವೇ ನಿಂತಿತು.

ನಾಗಲಕ್ಷ್ಮಮ್ಮ: ಅಂದ್ರೆ ಗೋಡೆಗೆ ಅಂಟ್ಕೊಂಡಿರೋದೇ ಮೊದಲು ಬಂದುಬಿಡಬಹುದಾ?

ಶರಣ್ಯ: ಬರಬಹುದು.

ನಾಗಲಕ್ಷ್ಮಮ್ಮ: ಆಗ ನಿಜವಾದ ದೊಡ್ಡದು ಹೂಡಿ ಪಾಲಾಗುತ್ತಲ್ಲೇ.

ಪಂಕಜಾ: ಕೋಡುಬಳೆ ತಿಂದಾಯ್ತು ಬೀಗರೇ. ಈಗ ಮಾತು ಬದಲಾಯಿಸೋ ಹಾಗಿಲ್ಲ.

ಶರಣ್ಯ: ಅತ್ತೆ, ನೀವೂ ಯೋಚನೆ ಮಾಡಿ. ತಾನಾಗಿ ಮುಂದೆ ಬಂದಿದ್ರೆ ಸೀನಿಯರ್ ಅನ್ನಬಹುದಿತ್ತು. ಇದು ಬೇರೆಯವರು ಕೈ ಹಿಡಿದು ಮೇಲೆತ್ತಿದ್ದು. ಮಾವನವರ ಫ್ಯಾಕ್ಟರೀಲಿ ಶಿಫಾರಸಿಂದ ಮೇಲೆ ಹೋದೋರನ್ನ ನೀವು ಸೀನಿಯರ್ ಅಂತಿದ್ರಾ?

ಮಾವನವರ ತಲೆಯ ಮೇಲೆ ಹಾಗೆಯೇ ಒಬ್ಬ ಫೋರ್‌ಮನ್ ಆಗಿದ್ದ. ಇಪ್ಪತ್ತು ವರ್ಷವಾದರೂ ಪಂಕಜಾ ಅವನ ಹೆಸರನ್ನು ಮನೆಯಲ್ಲಿ ಎತ್ತಗೊಡುತ್ತಿರಲಿಲ್ಲ.

ಪಂಕಜಾ: ಶಿಫಾರಸಿಂದ ಬಂದೋನು ನಮ್ಮ ಮನೆಗೆ ಬೇಡವೇ ಬೇಡ.

ಅಷ್ಟರಲ್ಲಿ ಬಿ.ಪಿ. ನೋಡಲು ನರ್ಸ್ ದಾನೇಶ್ವರಿ ಬಂದಳು. ವಿಜಯಪುರದ ಕಡೆಯವಳು. ಇಬ್ಬರು ಅಜ್ಜಿಯರೂ ಎರಡು ಕಡೆಯಿಂದ ಅವಳನ್ನು ಹಿಡಿದರು.

ಪಂಕಜಾ: ಏನಮ್ಮ, ಸುಮ್ಮನೆ ಕೇಳ್ತೀನಿ, ಬಲಗಡೆ ಇರೋದನ್ನ ಮೊದಲು ತೆಗೀರಿ ಅಂತ ಡಾಕ್ಟರಿಗೆ ಹೇಳೋಕಾಗುತ್ತಾ?

ನಾಗಲಕ್ಷ್ಮಮ್ಮ: ಎಡಗಡೇದು ಅನ್ನಮ್ಮ. ತಗೋ, ಕೋಡುಬಳೆ ತಿನ್ನು.

ದಾನೇಶ್ವರಿ: ಬಸ್ಸಿನ ಸೀಟ್ ಏನ್ರೀ ಅಜ್ಜಿ, ಮೊದಲಽ ಟವೆಲ್ ಹಾಕಿ ಇಡಾಕ? ಯಾವ್ದು ಕೈಗೆ ಸಿಗತೈತಿ ಅದನ್ನ ತಗೀತಾರ. ಅಕ್ಕಾರು ಒಂಚೂರು ಮಲಗ್ಲಿ ಬಿಡ್ರಿ.

ಅವಳು ಹೋದಳು, ಕೋಡುಬಳೆಯನ್ನು ಮಾತ್ರ ತೆಗೆದುಕೊಂಡೇ ಹೋದಳು.

ನಾಗಲಕ್ಷ್ಮಮ್ಮ: ಹಂಗಾದ್ರೆ ಎರಡೂ ಲಗ್ಗೆರೆಗೆ. ಯಾವುದು ದೊಡ್ಡದು ಅಂತ ಗೊತ್ತಾಗೋ ತನಕ ಒಂದನ್ನೂ ಬಿಡಲ್ಲ.

ಪಂಕಜಾ: ಎರಡೂ ಹೂಡಿಗೆ. ನಾನೇನು ಬಿಡ್ತೀನಾ?

ಶರಣ್ಯ: ನಮ್ಮ ಆಫೀಸಲ್ಲಿ ಒಬ್ಬರು ಹೇಳ್ತಿದ್ರು, ಸಿಸೇರಿಯನ್ ಅವಳೀಲಿ ಮೊದಲು ಹಲ್ಲು ಬಂದದ್ದೇ ದೊಡ್ಡದಂತೆ.

ಇದನ್ನು ಯಾವ ಆಫೀಸಿನಲ್ಲೂ ಯಾರೂ ಹೇಳಿರಲಿಲ್ಲ. ಆದರೆ ಅಜ್ಜಿಯರಿಬ್ಬರೂ ಇದು ತಮಗೆ ಮೊದಲೇ ಗೊತ್ತಿದ್ದ ವಿಷಯವೆನ್ನುವಂತೆ ತಲೆಯಾಡಿಸಿದರು.

ಶರಣ್ಯ: ಬೇರೆ ಬೇರೆ ಮನೇಲಿ ಬೆಳೆದರೆ ಒಬ್ಬರು ಹಲ್ಲು ಬಂತು ಅಂತ ಸುಳ್ಳು ಹೇಳಬಹುದು. ಅದಕ್ಕೇ ಎರಡೂ ನಮ್ಮ ಫ್ಲ್ಯಾಟಲ್ಲೇ ಇರಲಿ, ಎಲೆಕ್ಟ್ರಾನಿಕ್ ಸಿಟೀಲಿ.

ಪಂಕಜಾ: ಹಲ್ಲು ಬರೋಕೆ ಆರೇಳು ತಿಂಗಳಾದರೂ ಬೇಕಲ್ಲಮ್ಮ.

ಶರಣ್ಯ: ನಿಮಗೆ ಕಷ್ಟ ಆದ್ರೆ ಬಿಡಿ ಅತ್ತೆ. ಅಮ್ಮ ಒಬ್ಬಳೇ ಇದ್ದು ಹಲ್ಲು ನೋಡಿ ಹೇಳ್ತಾಳೆ.

ಪಂಕಜಾ: ಕಷ್ಟ ಅಂತ ಯಾರಂದ್ರು? ನಾಳೇನೇ ಹಾಸಿಗೆ ತರಿಸ್ತೀನಿ.

ನಾಗಲಕ್ಷ್ಮಮ್ಮ: ಅವರಿರೋದಾದ್ರೆ ನಾನೂ ಇರ್ತೀನಿ. ರಾತ್ರಿ ನಾನೇ ಎದ್ದಿರ್ತೀನಿ.

ಪಂಕಜಾ: ಸರಿ, ಹಗಲಲ್ಲಿ ನಾನು ಕಣ್ಣು ಮುಚ್ಚಲ್ಲ.

ಮಾರನೆಯ ಬೆಳಿಗ್ಗೆ ಆಪರೇಷನ್ ಸಸೂತ್ರವಾಗಿ ನಡೆಯಿತು. ಎರಡೂ ಹೆಣ್ಣು. ದಾನೇಶ್ವರಿ ಒಂದೇ ಬಣ್ಣದ ಬಟ್ಟೆಯಲ್ಲಿ ಸುತ್ತಿದ ಕೂಸುಗಳನ್ನು ಹೊರಗೆ ತಂದು ಅಜ್ಜಿಯರಿಗೆ ತೋರಿಸಿದಳು. ಮೂಗು ಯಾರದ್ದು, ಬಣ್ಣ ಯಾರದ್ದು ಎಂದು ಇಬ್ಬರೂ ಕೇಳಲಿಲ್ಲ. ಇಬ್ಬರ ಬೆರಳೂ ನೆಟ್ಟಗೆ ಕೂಸುಗಳ ಬಾಯಿಯ ಕಡೆಗೆ ಹೋಯಿತು.

ದಾನೇಶ್ವರಿ: ಕೈ ತಗೀರಿ ಅಜ್ಜಿ. ಈಗಿನ್ನ ಹುಟ್ಟ್ಯಾವ. ಏನ್ ಹುಡುಕಾಕತ್ತೀರಿ?

ನಾಗಲಕ್ಷ್ಮಮ್ಮ: ಏನಿಲ್ಲಮ್ಮ, ಒಸಡು ನೋಡ್ತಿದ್ವಿ.

ಸಂಜೆ ಶರಣ್ಯ ಎರಡನ್ನೂ ಒಂದೊಂದು ಮಗ್ಗುಲಿಗೆ ಹಾಕಿಕೊಂಡು ಮಲಗಿದ್ದಳು. ಹೊಲಿಗೆ ಉರಿಯುತ್ತಿತ್ತು, ಆದರೂ ಅವಳಿಗೆ ಇಷ್ಟು ಸುಖ ಯಾವತ್ತೂ ಆಗಿರಲಿಲ್ಲ. ಅಷ್ಟು ಹೊತ್ತಿಗೆ ವಾದಿರಾಜನಿಗೆ ಕಾಫಿ ಸಿಕ್ಕಿತ್ತು. ಲೋಟ ಹಿಡಿದು ಮೆಲ್ಲಗೆ ಒಳಗೆ ಬಂದು ಸುತ್ತಮುತ್ತ ನೋಡಿದ.

ವಾದಿರಾಜ: ಇಬ್ಬರೂ ಹಾಸಿಗೆ ಸುತ್ತಿ ಕಟ್ಟಿ ಕೂತಿದಾರೆ ಕಣೇ. ಹಲ್ಲಿನ ವಿಷಯ ಹೇಳಿದ್ರು. ಅಲ್ಲ, ಹಲ್ಲು ಬಂದ ಮೇಲೆ ಏನು ಮಾಡ್ತೀಯ?

ಶರಣ್ಯ: ಮೊದಲು ನಡೆದದ್ದೇ ದೊಡ್ಡದು ಅಂತೀನಿ.