ನಾಲ್ಕನ್ನು ಮೂರು ಮಾಡಿದವನು

ಎಲ್ಲ ರಾಮಾಯಣಕ್ಕೂ ಕಾರಣ ಅರ್ಜಿಯ ಏಳನೇ ಪ್ರಶ್ನೆ. 'ಮನೆಯಲ್ಲಿ ವಾಸವಿರುವವರು ಎಷ್ಟು ಮಂದಿ?' ಪುಸ್ತಕ ಕಟ್ಟುವ ಬೈಂಡರ್ ಹಿಂದುಮುಂದು ನೋಡದೆ ದುಂಡಗೆ ೪ ಎಂದು ಬರೆದಿದ್ದ. ತಾನು, ಹೆಂಡತಿ, ಶಾಲೆಗೆ ಹೋಗುವ ಮಗಳು, ಎಪ್ಪತ್ತಾರು ವರ್ಷದ ಅಮ್ಮ. ಸರಿಯಾಗಿಯೇ ಬರೆದಿದ್ದ. ಬರೆದದ್ದನ್ನು ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಪಕ್ಕದ ಮನೆಯಲ್ಲಿ ಪಾಯಿಂಟ್ ಮಾಮ ಇದ್ದರಲ್ಲ!

ಪಾಯಿಂಟ್ ಮಾಮ ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಯಾರ ಕೈಯಲ್ಲಿ ಕಾಗದ ಕಂಡರೂ ಕನ್ನಡಕ ಏರಿಸಿ, "ಇಲ್ಲೊಂದು ಪಾಯಿಂಟ್ ಇದೆ" ಅನ್ನುವುದು ಅವರ ಅಭ್ಯಾಸ. ಅವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ, ಬೀದಿಯವರಿಗೆ ಕೇಳಲು ಬೇರೆ ವಕೀಲರಿರಲಿಲ್ಲ.

ಬಡವರ ಮನೆಯ ನೀರಿನ ಬಿಲ್ಲನ್ನು ಸರ್ಕಾರವೇ ಕಟ್ಟುವ ಯೋಜನೆ ಅದು. ಬೈಂಡರ್‌ಗೆ ಅದು ಬೇಕೇ ಬೇಕಿತ್ತು. ಮೂರು ಬಿಲ್ಲು ಬಾಕಿಯಾಗಿ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿ ಹೋಗಿದ್ದರು. ನಾಳೆಯೊಳಗೆ ಏನೂ ಆಗದಿದ್ದರೆ ನಲ್ಲಿ ಬಂದ್. ಪುಸ್ತಕ ಕಟ್ಟುವವನಿಗೆ ನೀರಿಲ್ಲದೆ ಅಂಟು ಇಲ್ಲ, ಅಂಟಿಲ್ಲದೆ ಅನ್ನ ಇಲ್ಲ. ಅಮ್ಮನ ಮೊಣಕಾಲಿಗೆ ದಿನಾ ಎರಡು ಹೊತ್ತು ಬಿಸಿನೀರಿನ ಶಾಖ ಬೇರೆ ಆಗಬೇಕು. ಇವತ್ತು ಹನ್ನೊಂದಕ್ಕೆ ಯೋಜನೆಯ ಕಚೇರಿಯ ಮೇಡಂ ಮನೆ ತಪಾಸಣೆಗೆ ಬಂದು ಅರ್ಜಿ ತೆಗೆದುಕೊಳ್ಳುವವರಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ಮಾಮ ಅರ್ಜಿಯ ಮೇಲೆ ಬೆರಳಿಟ್ಟರು. "ಇಲ್ಲೊಂದು ಪಾಯಿಂಟ್ ಇದೆ ಕಣಯ್ಯಾ. ನಿಮ್ಮಮ್ಮನಿಗೆ ಪಿಂಚಣಿ ಬರತ್ತೆ. ಅವರನ್ನ ತೋರಿಸಿದ್ರೆ ಅದೂ ನಿನ್ನ ಆದಾಯ ಅಂತ ಸೇರಿಸ್ತಾರೆ. ಅರ್ಜಿ ಗೋವಿಂದ!"

"ಅಯ್ಯೋ, ಆ ಪಿಂಚಣಿ ಅವಳ ಮಾತ್ರೆಗೇ ಸಾಲಲ್ಲ ಮಾಮ."

"ಅದು ನಿನಗೆ ಗೊತ್ತು. ಕಾಗದಕ್ಕೆ ಗೊತ್ತಾ? ಮೂರು ಅಂತ ಮಾಡು. ತಪಾಸಣೆ ಮುಗಿಯೋವರೆಗೆ ಅಮ್ಮ ನಮ್ಮನೇಲಿ ಇರ್ಲಿ."

ಒಳಗಿನಿಂದ ಹೆಂಡತಿ ಕೇಳಿದಳು. "ರೀ, ಅತ್ತೇನ ಆಚೆ ಕಳಿಸಿ ನಲ್ಲಿ ಉಳಿಸ್ಕೊಳ್ಳೋದಾ?"

ಇಡೀ ದಿನದಲ್ಲಿ ಯಾರಾದರೂ ಬುದ್ಧಿಯ ಮಾತು ಆಡಿದ್ದರೆ ಅದೊಂದೇ. ಅದಕ್ಕೇ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೇರೆಯವರಾಗಿದ್ದರೆ ೪ರ ಮೇಲೆ ಗೀಚಿ ೩ ಮಾಡಿ ಸಿಕ್ಕಿಬೀಳುತ್ತಿದ್ದರು. ಬೈಂಡರ್ ಮೂವತ್ತು ವರ್ಷ ಹರಿದ ಹಾಳೆಗಳನ್ನು ರಿಪೇರಿ ಮಾಡಿದವನು. ಸಣ್ಣ ಬ್ಲೇಡು ತೆಗೆದು, ಉಸಿರು ಬಿಗಿಹಿಡಿದು, ಶಾಯಿಯನ್ನಷ್ಟೇ ಎಳೆ ಎಳೆಯಾಗಿ ಕೆರೆದ. ತೆಳುವಾದ ಜಾಗಕ್ಕೆ ಅದೇ ಬಣ್ಣದ ಕಾಗದದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಚಮಚದ ಬೆನ್ನಿನಿಂದ ತಿಕ್ಕಿ ನುಣುಪು ಮಾಡಿದ. ಕೆಳಗೆ ನಾಲ್ಕನೇ ಸಾಲಿನಲ್ಲಿದ್ದ ಅಮ್ಮನ ಹೆಸರು, ವಯಸ್ಸುಗಳನ್ನೂ ಹಾಗೇ ಎತ್ತಿದ. ಕೊನೆಗೆ ೩ ಬರೆದು ಬೆಳಕಿಗೆ ಹಿಡಿದು ನೋಡಿದ. ಅಲ್ಲಿ ಹಿಂದೆ ಏನಾದರೂ ಇತ್ತು ಅನ್ನುವ ಸುಳಿವೇ ಇಲ್ಲ. ಇಷ್ಟು ಚೆನ್ನಾಗಿ ತಾನು ಯಾವತ್ತೂ ಕೆಲಸ ಮಾಡಿರಲಿಲ್ಲ ಅನ್ನಿಸಿ ಒಳಗೊಳಗೇ ಬೀಗಿದ.

ಅಮ್ಮನನ್ನು ಸಾಗಿಸುವುದು ಕಾಗದದ ಕೆಲಸದಷ್ಟು ಸಲೀಸಾಗಲಿಲ್ಲ. ಕೋಲು, ಕುರ್ಚಿ, ಶಾಲು, ಮಾತ್ರೆಯ ಡಬ್ಬಿ, ಪಿಂಚಣಿ ಪುಸ್ತಕ ಎಲ್ಲ ಹೊರಟವು. ಕೊನೆಗೆ ಅಮ್ಮ ಹೊರಟಳು.

"ಯಾರೇ ಕೇಳಿದ್ರೂ ಇದೇ ನಮ್ಮನೆ ಅನ್ನಬೇಕು. ಏನೇ ಆದ್ರೂ ಮಾತು ಬದಲಾಯಿಸಬಾರದು. ತಿಳೀತಾ ಅಮ್ಮ?"

"ಈ ವಯಸ್ಸಲ್ಲಿ ಸುಳ್ಳು ಹೇಳಿಸ್ತೀಯಲ್ಲೋ."

"ಒಂದೇ ಗಂಟೆ ಅಮ್ಮ. ಮೇಡಂ ಹೋದ ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ."

"ಆಯ್ತು ಬಿಡು. ನಿನ್ನ ನಲ್ಲಿ ಉಳಿಯತ್ತೆ ಅಂದ್ರೆ ಹೇಳ್ತೀನಿ," ಎಂದು ಅಮ್ಮ ಮಾಮನ ನಡುಮನೆಯಲ್ಲಿ, ಪರೀಕ್ಷೆಗೆ ಬಂದ ಹುಡುಗಿಯಂತೆ ನೆಟ್ಟಗೆ ಕೂತಳು.

ಮೇಡಂ ಹನ್ನೊಂದಕ್ಕೆ ಸರಿಯಾಗಿ ಬಂದರು. ಗಾಬರಿಯಲ್ಲಿ ಬೈಂಡರ್ ಮುಂದಕ್ಕೆ ಎಳೆದ ಸ್ಟೂಲಿನ ಮೇಲೆ ಅವನೇ ಆಗಷ್ಟೇ ಅಂಟು ಸವರಿಟ್ಟಿದ್ದ ಲೇಬಲ್ಲೊಂದಿತ್ತು. ಅವನ ಬಾಯಿಂದ "ಅಯ್ಯೋ" ಹೊರಡುವಷ್ಟರಲ್ಲಿ ಮೇಡಂ ಕೂತಾಗಿತ್ತು. ಇನ್ನು ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ ಎಂದು ಅವನು ಅರ್ಜಿಯನ್ನು ಅವರ ಕೈಗಿತ್ತ.

"ಮನೇಲಿ ಎಷ್ಟು ಜನ?"

"ಮೂರು ಮೇಡಂ. ಮೂರೇ."

ಮೇಡಂ ಎದ್ದು ಅಡುಗೆಮನೆಗೆ ಬಗ್ಗಿ ನೋಡಿದರು. ಕಿಟಕಿಯಲ್ಲಿ ಗಾಜಿನ ಲೋಟ, ಲೋಟದ ನೀರಿನಲ್ಲಿ ಹಲ್ಲಿನ ಸೆಟ್ಟು. ಎಲ್ಲ ಸಾಗಿಸಿ ಅಮ್ಮನ ಹಲ್ಲನ್ನೇ ಮರೆತಿದ್ದರು.

"ಇದು ಯಾರದು?"

"ನಂದೇ," ಅಂದುಬಿಟ್ಟ ಬೈಂಡರ್. ಬಾಯಲ್ಲಿ ಮೂವತ್ತೆರಡೂ ಫಳಫಳ ಹೊಳೆಯುತ್ತಿದ್ದವು. ಮೇಡಂ ಒಮ್ಮೆ ಲೋಟ, ಒಮ್ಮೆ ಅವನ ಬಾಯಿ ನೋಡಿದರು. "ಮುಂದಕ್ಕೆ ಬೇಕಾಗತ್ತಲ್ಲ ಮೇಡಂ. ಕಡಿಮೆಗೆ ಸಿಕ್ತು."

ಹೆಂಡತಿ ಗೋಡೆಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೇಡಂ ಕೆಟ್ಟವರಲ್ಲ. ಅರ್ಜಿಯನ್ನು ಎರಡು ಸಲ ಓದಿ, ನಿಜವಾಗಿ ಬೇಜಾರಿನಿಂದಲೇ ಹೇಳಿದರು. "ಪಾಪ, ನಿಮ್ಮ ಕಷ್ಟ ಕಾಣತ್ತೆ. ಆದ್ರೆ ಹೋದ ವಾರ ಹೊಸ ಆದೇಶ ಬಂದಿದೆ. ಈ ವರ್ಷ ಎಪ್ಪತ್ತು ದಾಟಿದ ಹಿರಿಯರಿರೋ ಮನೆಗಳಿಗೆ ಮಾತ್ರ. ಅವರ ಪಿಂಚಣೀನೂ ಆದಾಯಕ್ಕೆ ಸೇರಿಸಲ್ಲ, ಹಳೇ ಬಾಕೀನೂ ಮನ್ನಾ. ನಿಮ್ಮನೇಲಿ ಒಬ್ರು ಹಿರಿಯರು ಇದ್ದಿದ್ರೆ ಇಲ್ಲೇ ಸಹಿ ಹಾಕಿ ಕೊಡ್ತಿದ್ದೆ."

ಬೈಂಡರ್ ಅಡುಗೆಮನೆಯ ಕಿಟಕಿಯ ಕಡೆ ಬೆರಳು ಚಾಚಿದ. "ಇದ್ದಾರೆ ಮೇಡಂ! ನಮ್ಮಮ್ಮ! ಎಪ್ಪತ್ತಾರು! ಆ ಹಲ್ಲು ಅವಳದ್ದೇ!"

"ಈಗ ತಾನೇ ನಿಮ್ಮದು ಅಂದ್ರಿ."

"ಸುಳ್ಳು ಹೇಳ್ದೆ ಮೇಡಂ."

"ಈ ಆದೇಶ ಓದಿ ಹೇಳಿದ ತಕ್ಷಣ ಎಲ್ಲರ ಮನೇಲೂ ಒಬ್ಬೊಬ್ಬರು ಅಜ್ಜಿ ಹುಟ್ಟಿಕೊಳ್ತಾರೆ," ಎಂದು ಮೇಡಂ ಚಪ್ಪಲಿ ಮೆಟ್ಟಿದರು. ಅವರ ಪಟ್ಟಿಯಲ್ಲಿ ಮುಂದಿನ ಮನೆ ಪಾಯಿಂಟ್ ಮಾಮನದು; ಮಾಮನೂ ಇದೇ ಯೋಜನೆಗೆ ಒಂದು ಅರ್ಜಿ ಹಾಕಿಟ್ಟಿದ್ದರು. ಬೆನ್ನ ಕೆಳಗೆ 'ಹಾಜರಿ ಪುಸ್ತಕ' ಎಂಬ ಲೇಬಲ್ಲು ಅಂಟಿಸಿಕೊಂಡು ಅವರು ಮುಂದೆ, ಅದನ್ನು ಕಿತ್ತುಕೊಳ್ಳುವ ಧೈರ್ಯವಿಲ್ಲದೆ ಬೈಂಡರ್ ಹಿಂದೆ.

ಮಾಮನ ನಡುಮನೆಯಲ್ಲಿ ಅಮ್ಮ ಕೂತಲ್ಲೇ ಕೂತಿದ್ದಳು.

"ಅರ್ಜೀಲಿ ನೀವು ಗಂಡ ಹೆಂಡತಿ ಇಬ್ರೇ ಅಂತ ಇದೆ. ಇವರು ಯಾರು?" ಮೇಡಂ ಕೇಳಿದರು.

ಬಾಗಿಲಾಚೆ ಏನು ನಡೆದಿದೆ ಎಂದು ಮಾಮನಿಗೆ ಗೊತ್ತಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂಬ ಹುರುಪಿನಲ್ಲಿ, "ನಮ್ಮ ಮನೆಯ ಹಿರಿಯರು. ಇವತ್ತು ಬೆಳಿಗ್ಗೆ ತಾನೇ ಬಂದ್ರು," ಎಂದರು. ಅಷ್ಟರ ಮಟ್ಟಿಗೆ ಅದು ನಿಜವೇ.

"ಅಜ್ಜೀ, ನೀವೇ ಹೇಳಿ. ನಿಮ್ಮನೆ ಯಾವುದು?"

ಅಮ್ಮ ಮಗನ ಮುಖ ನೋಡಿದಳು. ಅವನು ಮೇಡಂ ಹಿಂದೆ ನಿಂತು, ಎರಡೂ ಕೈ ಬೀಸಿ, ತಲೆ ಅಲ್ಲಾಡಿಸಿ, ತನ್ನ ಮನೆಯ ಕಡೆ ಬೆರಳು ತೋರಿಸುತ್ತಿದ್ದ. ಬೆಳಿಗ್ಗೆ ಹೇಳಿಕೊಟ್ಟದ್ದನ್ನು ಎಲ್ಲಿ ಮರೆತೇನೋ ಎಂದು ಮಗ ಒದ್ದಾಡುತ್ತಿದ್ದಾನೆ ಅನ್ನಿಸಿತು ಅವಳಿಗೆ.

"ಇದೇ ನಮ್ಮನೆ ಕಣಮ್ಮಾ," ಎಂದಳು ಬೊಚ್ಚುಬಾಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ.

"ಅಮ್ಮಾ, ನಿಜ ಹೇಳಮ್ಮಾ!" ಎಂದು ಬೈಂಡರ್ ಕೂಗಿದ.

ಅಮ್ಮ ಗಟ್ಟಿಯಾದಳು. ಏನೇ ಆದರೂ ಮಾತು ಬದಲಾಯಿಸಬಾರದು ಎಂದು ಅವನೇ ಹೇಳಿದ್ದನಲ್ಲ. "ಇವನು ಪಕ್ಕದ ಮನೆಯೋನು. ಒಳ್ಳೇ ಹುಡುಗ. ಪಾಪ, ನೀರಿಗೆ ಕಷ್ಟ. ಅವನಿಗೆ ಏನಾದ್ರೂ ಮಾಡಿಕೊಡಮ್ಮಾ," ಎಂದಳು.

ಬೈಂಡರ್ ಅರ್ಜಿ ಹಿಡಿದು ಮೇಡಂಗೆ ಅಡ್ಡ ನಿಂತ. "ಮೊದಲು ನಾಲ್ಕು ಅಂತಲೇ ಬರೆದಿದ್ದೆ ಮೇಡಂ. ನಾನೇ ಕೆರೆದು ತೆಗೆದೆ. ಬೇಕಾದ್ರೆ ಬೆಳಕಿಗೆ ಹಿಡಿದು ನೋಡಿ!"

ಮೇಡಂ ಕಿಟಕಿಯ ಬಳಿ ಹೋಗಿ ಹಾಳೆಯನ್ನು ಬಿಸಿಲಿಗೆ ಹಿಡಿದರು. ಉಗುರಿನಿಂದ ಸವರಿದರು. ಓರೆಯಾಗಿ ಹಿಡಿದು ಮತ್ತೆ ನೋಡಿದರು. ಬೈಂಡರ್ ಕೂಡ ಅವರ ಭುಜದ ಮೇಲಿನಿಂದ ಇಣುಕಿ ಹುಡುಕಿದ. ಒಂದು ಗೀರು, ಒಂದು ಕಲೆ, ಶಾಯಿಯ ಒಂದೇ ಒಂದು ಚುಕ್ಕೆ ಎಲ್ಲಾದರೂ ಉಳಿದಿರಲಿ ಎಂದು ದೇವರನ್ನು ಬೇಡಿಕೊಂಡ. ಹಾಳೆ ಹಾಲಿನಂತೆ ಬಿಳುಪಾಗಿತ್ತು. ಅಮ್ಮನ ಹೆಸರಿದ್ದ ಜಾಗ ಎಲ್ಲಿತ್ತು ಎಂದು ಅವನಿಗೇ ಗುರುತು ಹತ್ತಲಿಲ್ಲ.

"ಇಲ್ಲಿ ಯಾವತ್ತೂ ಯಾರ ಹೆಸರೂ ಇರಲಿಲ್ಲಪ್ಪಾ," ಎಂದು ಮೇಡಂ ಹಾಳೆ ವಾಪಸು ಕೊಟ್ಟರು. ಪಿಂಚಣಿ ಪುಸ್ತಕದಲ್ಲಿ ವಿಳಾಸ ಅಂತ ಬೀದಿಯ ಹೆಸರಷ್ಟೇ ಇತ್ತು. ವಯಸ್ಸು ನೋಡಿಕೊಂಡು ಮಾಮನ ಅರ್ಜಿಗೆ ಸಹಿ ಹಾಕಿದರು. "ಅಜ್ಜಿ ಇಲ್ಲೇ ಇರಬೇಕು. ಯಾವಾಗ ಬೇಕಾದ್ರೂ ಬಂದು ನೋಡ್ತೀವಿ. ಇಲ್ಲ ಅಂತಾದ್ರೆ ಸುಳ್ಳು ಮಾಹಿತಿ ಅಂತ ಎರಡೂ ಮನೆ ಮೇಲೆ ಕೇಸು," ಎಂದು ಹೊಸಿಲಾಚೆ ಬಂದು ಇಬ್ಬರಿಗೂ ಹೇಳಿ, ಲೇಬಲ್ಲಿನ ಸಮೇತ ಹೊರಟುಹೋದರು.

ಮಾಮ ಬಹಳ ಹೊತ್ತು ಕನ್ನಡಕ ಒರೆಸಿದರು. ಬದುಕಿನಲ್ಲಿ ಮೊದಲ ಸಲ ಅವರಿಗೆ ಯಾವ ಪಾಯಿಂಟೂ ಹೊಳೆಯಲಿಲ್ಲ. "ನೀರು ನಮ್ಮನೆಯಿಂದಲೇ ಹಿಡ್ಕೊಂಡು ಹೋಗಯ್ಯಾ. ಇನ್ನು ಪುಕ್ಕಟೆ ತಾನೇ," ಎಂದರು ತಲೆ ಎತ್ತದೆ.

ಸಂಜೆ ಬೈಂಡರ್ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಹಲ್ಲಿನ ಲೋಟ ಹಿಡಿದು ಮಾಮನ ಮನೆಗೆ ಬಂದ. ಅಮ್ಮ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದಳು. ಕೋಲು ಆಗಲೇ ಕೈಗೆ ಬಂದಿತ್ತು. ಹಲ್ಲು ಹಾಕಿಕೊಂಡು, ಬಹುಮಾನ ಬಂದವಳಂತೆ ನಕ್ಕಳು.

"ಸರಿಯಾಗಿ ಹೇಳಿದ್ನೇನೋ?"

"ತುಂಬಾ ಸರಿಯಾಗಿ ಹೇಳಿದೆ ಅಮ್ಮ."

"ನಲ್ಲಿ ಉಳೀತಾ?"

ಅವನು ಬಕೆಟ್ಟನ್ನು ಮಾಮನ ನಲ್ಲಿಯ ಕೆಳಗಿಟ್ಟು ತಿರುವಿದ. ನೀರು ಧೋ ಎಂದು ಸುರಿಯಿತು. ಆ ಸದ್ದಿನಲ್ಲಿ ಉತ್ತರ ಕೊಡದೆ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಬಕೆಟ್ಟು ಬೇಗ ತುಂಬಿತು.

ಅಮ್ಮ ಕೋಲೂರಿ ಎದ್ದು ನಿಂತಿದ್ದಳು. "ಒಂದು ಗಂಟೆ ಅಂದಿದ್ಯಲ್ಲ ಮಗಾ. ಹೋಗೋಣ್ವಾ?"