ತಣ್ಣೇನಹಳ್ಳಿಗೆ ಹೋಗುವ ದಾರಿ

ಬೇಸಿಗೆ ರಜೆಯಲ್ಲಿ ಸ್ವಂತದ್ದೊಂದು ಹಳ್ಳಿ ಇಲ್ಲದವನ ಪಾಡು ಯಾರಿಗೂ ಬೇಡ. ಪರೀಕ್ಷೆ ಮುಗಿದದ್ದೇ ತಡ, ನಮ್ಮ ಎಂ.ಸಿ.ಸಿ. ಬಡಾವಣೆಯ ಮನೆಮನೆಗೂ ಬೀಗ. ಯಾರನ್ನು ಕೇಳಿದರೂ ‘ಊರಿಗೆ ಹೋಗ್ಯಾರೆ’. ನಾನೋ ದಾವಣಗೆರೆಯಲ್ಲೇ ಹುಟ್ಟಿ, ಇಲ್ಲೇ ಓದಿ, ಇಲ್ಲೇ ಕೆಲಸ ಹಿಡಿದ ಪ್ರಾಣಿ. ನಮ್ಮಪ್ಪನದೂ ಅದೇ ಕಥೆ. ಹೆಂಡತಿ ಗಿರಿಜೆಯ ತವರು ಹರಿಹರವೇನೋ ಇದೆ. ಅದನ್ನು ಮೂರನೇ ಕ್ಲಾಸಿನ ಮಗಳು ಪಲ್ಲವಿ ಒಂದೇ ಮಾತಿನಲ್ಲಿ ತಳ್ಳಿಹಾಕಿದಳು: “ಸಿಟಿ ಬಸ್ ಹೋಗೋದೆಲ್ಲ ಊರಲ್ಲಪ್ಪ. ನಮ್ಮೂರು ಯಾವ್ದು ಹೇಳು.”

ಅಳುಮೋರೆ ಮಾಡಿಕೊಂಡು ನಿಂತ ಮಗುವಿಗೆ ನಮಗೆ ಊರಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. “ತಣ್ಣೇನಹಳ್ಳಿ” ಎಂದುಬಿಟ್ಟೆ. ಕರೆಂಟು ಹೋಗಿ ಬೆವರು ಸುರಿಯುತ್ತಿತ್ತು, ಅದಕ್ಕೇ ಆ ಹೆಸರು ಬಂದಿರಬೇಕು. ಅಂದಿನಿಂದ ಸಂಜೆ ಕರೆಂಟು ಹೋಗುವುದೂ, ನಾವು ತಾರಸಿ ಹತ್ತುವುದೂ, ತಣ್ಣೇನಹಳ್ಳಿ ಬೆಳೆಯುವುದೂ ಶುರುವಾಯಿತು. ಊರ ಮುಂದೆ ಮಾವಿನ ತೋಪು, ಕಾವಲುಗಾರನೇ ಇಲ್ಲ. ಮೂಡಲ ಕಡೆ ಮೆಟ್ಟಿಲ ಬಾವಿ. ಬೆಳಗ್ಗೆ ಧುಮುಕಿದ ಮಕ್ಕಳು ಹಸಿವಾದಾಗಲೇ ಮೇಲೆ ಬರುವುದು. ಮಧ್ಯಾಹ್ನ ಶಾವಿಗೆ, ಸೀಕರಣೆ. ಉಂಡು ಬೇವಿನ ಮರದಡಿ ಅಡ್ಡಾದರೆ ಎಬ್ಬಿಸುವವರಿಲ್ಲ. ಸಂಜೆಗೆ ಊರಿಗೂರೇ ಕಟ್ಟೆಯ ಮೇಲೆ ಕೂತು ಮಂಡಕ್ಕಿ, ಮಿರ್ಚಿ. ಅಲ್ಲಿ ಯಾರೂ ಜಗಳವಾಡುವುದಿಲ್ಲ, ಎಮ್ಮೆಗಳೂ ಒದೆಯುವುದಿಲ್ಲ. ಹೇಳುತ್ತ ಹೇಳುತ್ತ ನನ್ನ ಬಾಯಲ್ಲೇ ನೀರು. ಗಿರಿಜೆ ಮಾತ್ರ ಮೆಲ್ಲಗೆ, “ಸುಳ್ಳಿಗೂ ಒಂದು ಮಿತಿ ಬ್ಯಾಡೇನ್ರಿ? ಕರ್ಕಂಡು ಹೋಗು ಅಂತ ಹಟ ಹಿಡಿದ್ರೆ ಏನ್ಮಾಡ್ತೀರಿ?” ಎನ್ನುತ್ತಿದ್ದಳು.

ಮಗಳು ಹಟ ಹಿಡಿದೇಬಿಟ್ಟಳು. ಗೆಳತಿಯರಿಗೆಲ್ಲ ಊರಿನ ಸುದ್ದಿ ಹೇಳಿ ಮೆರೆದಿದ್ದಳಂತೆ; ಈಗ ನೋಡದೆ ಬಿಟ್ಟರೆ ಮರ್ಯಾದೆ ಪ್ರಶ್ನೆ. ಅವಳದೂ, ನನ್ನದೂ. ಭಾನುವಾರ ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಗಿರಿಜೆಯನ್ನು ಹಿಂದೆ ಕೂರಿಸಿಕೊಂಡು ಮಾಯಕೊಂಡದ ರಸ್ತೆ ಹಿಡಿದೆ. ಟೈರು ಪಂಕ್ಚರ್ ಆಗಲೆಂದು ಕಂಡ ಕಂಡ ದೇವರನ್ನೆಲ್ಲ ಬೇಡಿಕೊಂಡೆ. ಹಾಳಾದ್ದು, ದಿನಾ ಎಷ್ಟು ಒದ್ದರೂ ಚಾಲೂ ಆಗದ ಸ್ಕೂಟರು ಅವತ್ತು ಒಂದು ಸಲ ಕೆಮ್ಮಲೂ ಇಲ್ಲ. ಬಿಸಿಲು ನೆತ್ತಿಗೇರಿದಾಗ ಹೊಲದಂಚಿನ ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿದೆ. ಅಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ವಯಸ್ಸಾದ ರೈತರೊಬ್ಬರು “ಬರ್ರಿ, ನೆಳ್ಳಾಗೆ ಕೂಡ್ರಿ” ಎಂದು ಮಜ್ಜಿಗೆ ಕೊಟ್ಟು, “ಯಾವೂರ್ರಿ ನಿಮ್ದು?” ಎಂದು ಕೇಳಿದರು.

“ತಣ್ಣೇನಹಳ್ಳಿ. ನಿಮಗೆ ಗೊತ್ತಾ ಅಜ್ಜ?” ಎಂದಳು ಪಲ್ಲವಿ.

ನಾನು ಮಜ್ಜಿಗೆ ಕೆಳಗಿಟ್ಟು ಸ್ಕೂಟರಿನ ಕೀಲಿಗೆ ಕೈ ಹಾಕಿದೆ. ಆದರೆ ನಮ್ಮ ಸೀಮೆಯ ಜನರ ದೊಡ್ಡ ಗುಣವೊಂದು ನನಗೆ ಮರೆತೇ ಹೋಗಿತ್ತು. ನೀವು ಯಾವ ಊರಿನ ಹೆಸರನ್ನೇ ಹೇಳಿ, ಗೊತ್ತಿಲ್ಲ ಎಂದರೆ ನಿಮಗೆ ಅವಮಾನ ಮಾಡಿದಂತೆ ಎಂದುಕೊಂಡು, ಅಲ್ಲೊಬ್ಬ ನೆಂಟನನ್ನು ಹುಡುಕಿಯೇ ತೀರುತ್ತಾರೆ.

“ಗೊತ್ತಿಲ್ದೆ ಏನವ್ವ, ನಮ್ಮಕ್ಕನ ಮಗಳನ್ನ ಅಲ್ಲಿಗೇ ಕೊಟ್ಟೀವಿ” ಎಂದರು ಅಜ್ಜ.

“ಮಾವಿನ ತೋಪು ಐತಲ್ಲ?”

“ಐತೆ. ಕಾವಲಿಗೆ ಒಬ್ಬ ಅದಾನೆ, ಬಾಳ ಬೆರಕಿ, ಒಂದು ಕಾಯಿ ಮುಟ್ಟಾಕೂ ಬಿಡಲ್ಲ.”

“ಮೂಡಲ ಕಡೆ ಬಾವಿ?”

“ಬಾವಿ ಇರೋದು ಪಡುವಲ ಕಡೆಗವ್ವ.”

“ಎಮ್ಮೆ ಒದೆಯಲ್ಲ ಅಲ್ವಾ?”

“ಒದೀದೆ ಬಿಟ್ಟಾವೇನು? ನಮ್ಮ ಅಳಿಯ ಒದೆ ತಿಂದು ಮಲಗ್ಯಾನೆ.”

ನಾನು ಏನೋ ತಿದ್ದಲು ಹೋದೆ. ಅವರು ನನ್ನತ್ತ ಕನಿಕರದಿಂದ ನೋಡಿ, “ನೀವು ಊರು ಬಿಟ್ಟು ಬಾಳ ದಿನ ಆಗಿರಬೇಕು ಬಿಡ್ರಿ. ಇವತ್ತು ಬ್ಯಾಡ, ಕೂಸು ಬಿಸಿಲಿಗೆ ಬಾಡ್ತೈತೆ. ಮಳೆ ಬಿದ್ದ ಮ್ಯಾಲೆ ಬರ್ರಿ” ಎಂದು, ಮಗಳ ಉಡಿಗೆ ಮಾವಿನಹಣ್ಣು ತುಂಬಿ ಕಳಿಸಿದರು.

ನನಗೆ ಕುಣಿಯುವಷ್ಟು ಖುಷಿ. ಇಲ್ಲದ ಊರಿಗೆ ಸಾಕ್ಷಿ ಸಿಕ್ಕಿತ್ತು, ಅದೂ ಹಣ್ಣಿನ ಸಮೇತ. ವಾಪಸು ಬರುವಾಗ ಸ್ಕೂಟರಿನ ಮೇಲೆ ಹಾಡು ಗುನುಗುತ್ತ, ಹಿಂದೆ ಕೂತ ಗಿರಿಜೆಗೆ “ನೋಡಿದೆಯಾ?” ಎಂದೆ. ಅವಳು ಸೀಟು ಅಲುಗುವಂತೆ ನಗುತ್ತಿದ್ದಳು. ಪಲ್ಲವಿ ಮಾತ್ರ ದಾರಿಯುದ್ದಕ್ಕೂ ಹಣ್ಣು ಚೀಪುತ್ತ ಏನೋ ಯೋಚಿಸುತ್ತಿದ್ದಳು. ಮನೆ ಹತ್ತಿರ ಬಂದಾಗ ತಲೆಯೆತ್ತಿ ನನ್ನ ಮುಖವನ್ನೇ ದಿಟ್ಟಿಸಿದಳು.

“ಅಪ್ಪ, ಊರೇನೋ ನಿಜ. ನೀನು ನಿಜವಾಗ್ಲೂ ಆ ಊರಿನೋನಾ?”