ಹೆಪ್ಪಿಲ್ಲದ ಸಾಮ್ರಾಜ್ಯಗಳು

ಮೂರು ಸಾವಿರ ವರ್ಷಗಳ ಹಿಂದಿನ ರಾಜ್ಯಗಳು ಯಾಕೆ ಕುಸಿದವು ಎಂದು ಪಾಠ ಮಾಡುವವಳು ನಾನು. ನನ್ನ ಸುತ್ತಮುತ್ತ ವಾರಕ್ಕೊಂದಾದರೂ ಏನೋ ಕುಸಿಯುತ್ತಲೇ ಇರುತ್ತದೆ.

೧. ಬಾಜೂ ಮನಿ

ಚಿಕ್ಕೋಡಿಯ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಆ ವರ್ಷ ಹೇಳಿಬಿಟ್ಟಿದ್ದರು: "ಮೇಡಂ, ಈ ಸಲ ಹುಡುಗೂರು ಇತಿಹಾಸ ತಗೊಳ್ಳಲಿಲ್ಲಂದ್ರ ವಿಭಾಗ ಬಂದ್."

ಇನ್ನೂ ವಿಷಯ ಆರಿಸದ ಹೊಸಬರನ್ನು ಸೆಳೆಯಲು ನನ್ನ ಮೆಚ್ಚಿನ ಪಾಠ ತೆಗೆದೆ. ಒಂದು ರಾಜ್ಯದ ತಾಮ್ರ, ಇನ್ನೊಂದು ಕಡೆಯ ತವರ, ಎರಡೂ ಸೇರಿದರೆ ಕಂಚು. ಒಂದೆಡೆ ಬರ, ಒಂದೆಡೆ ದಂಗೆ. ಹಡಗು ನಿಂತವು, ಒಂದರ ಹಿಂದೆ ಒಂದು ಎಲ್ಲವೂ ಬಿದ್ದವು.

ಕರೋಶಿಯ ಹುಡುಗಿ ಎದ್ದಳು. "ತವರ ತೀರಿದ್ರ ಬಾಜೂ ಮನ್ಯಾಗ ಕೇಳಬೇಕಿತ್ತಲ್ರಿ?"

"ಬಾಜೂ ಮನೀನೂ ಬಿದ್ದಿತ್ತವಾ."

"ಅದರ ಬಾಜೂ?"

"ಅದೂ ಬಿದ್ದಿತ್ತು."

"ಅಂಥಾ ಓಣ್ಯಾಗ ಯಾಕ ಮನಿ ಕಟ್ಟಿದ್ರಿ ಅವ್ರು?"

೨. ಮೂರು ಬಟ್ಟಲು

ಅದೇ ಸಂಜೆ ಹಾಲು ಕಾಸಿ ಆರಿಸಿ ನೋಡಿದರೆ ಹೆಪ್ಪು ಹಾಕಲು ಚಮಚ ಮೊಸರಿಲ್ಲ. ಪ್ಯಾಕೆಟ್ ಮೊಸರು ನಮ್ಮ ಓಣಿಗೆ ಆಗಿನ್ನೂ ಬಂದಿರಲಿಲ್ಲ. ಬಟ್ಟಲು ಹಿಡಿದು ಪಕ್ಕದ ಮನೆಯ ವೈನಿಯಲ್ಲಿ ಕೇಳಿದೆ.

"ಅಯ್ಯ, ನಿಮ್ಮಲ್ಲಿ ಇರತೈತಂತ ಈಗಽ ಮಜ್ಜಿಗಿ ಮಾಡಿ ಕುಡದ್ವಿ! ಬರ್ರಿ, ಕಾಕೂನ ಕಡೆ ಹೋಗೂಣು."

ಇಬ್ಬರೂ ಬಟ್ಟಲು ಹಿಡಿದು ಹೊರಟರೆ, ಮೂಲೆಮನೆಯ ಕಾಕೂ ತಾವೇ ಖಾಲಿ ಬಟ್ಟಲು ಹಿಡಿದು ನಮ್ಮತ್ತ ಬರುತ್ತಿದ್ದರು. ಮೂವರೂ ನಡುಬೀದಿಯಲ್ಲಿ ನಿಂತೆವು.

ಇವತ್ತಿನ ನನ್ನ ಪಾಠವೇ ಇದು ಅಂದೆ. ಕಾಕೂ ನನ್ನನ್ನೇ ಗದರಿಸಿದರು. "ದಿನಾ ಇದನ್ನಽ ಕಲಿಸ್ತೀರಿ, ನಮಗ ಮೊದಲಽ ಹೇಳಾಕ ಏನಾಗಿತ್ರಿ?"

ಮರುದಿನ ಐನಾಪುರದಿಂದ ವೈನಿಯ ತಮ್ಮ ಒಂದು ಡಬ್ಬಿಯಲ್ಲಿ ಹೆಪ್ಪು ತಂದ. ಅದೊಂದು ಚಮಚದಿಂದ ಓಣಿಗೆಲ್ಲ ಮೊಸರಾಯಿತು.

೩. ವಿಭಾಗದ ಗತಿ

ವಿಷಯ ಆರಿಸುವ ದಿನ ಹುಡುಗಿಯರಿಗೆ ಈ ಕಥೆ ಹೇಳಿದೆ. ಹೊಟ್ಟೆ ಹಿಡಿದು ನಕ್ಕರು. ಹೆಸರು ಕೊಡ್ರೆವಾ ಅಂದರೆ ಮಾತ್ರ ನಿಪ್ಪಾಣಿಯವಳು ರಾಯಬಾಗದವಳನ್ನು ನೋಡಿದಳು: "ಆಕಿ ತಗೊಂಡ್ರ ನಾನೂ." ರಾಯಬಾಗದವಳು ಕರೋಶಿಯವಳನ್ನು ನೋಡಿದಳು. ಇಡೀ ಕೋಣೆ ಖಾಲಿ ಬಟ್ಟಲು ಹಿಡಿದು ನಿಂತಂತಿತ್ತು. ಬಾಗಿಲಲ್ಲಿ ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು.

ಕರೋಶಿಯವಳು ಎದ್ದಳು. "ಹಿಂಗಽ ನಿಂತ್ರ ಹಾಲು ಒಡೀತೈತಿ. ಬರ್ಕೋರಿ ಮೇಡಂ, ನಾನಽ ಹೆಪ್ಪು."

ಕೈ ಮೇಲೆ ಕೈ ಎದ್ದವು. ಕೂರಿಸಲು ಬೆಂಚೇ ಸಾಲಲಿಲ್ಲ. "ಅರ್ಥಶಾಸ್ತ್ರದವರ ಕಡೆ ನಾಕು ಬೆಂಚು ಕಡಾ ತರ್ರಿ," ಅಂದರು ಪ್ರಿನ್ಸಿಪಾಲರು, ನಗು ತಡೆಯುತ್ತ.

ತರಲೆಂದು ಹೊರಗೆ ಬಂದರೆ ಅರ್ಥಶಾಸ್ತ್ರದ ಸರ್ ನಮ್ಮ ಬಾಗಿಲಿಗೇ ಬಂದಿದ್ದರು, ಜೊತೆಗೆ ಇಬ್ಬರು ಪ್ಯೂನರು.

"ಮೇಡಂ, ನಿಮ್ಮ ವಿಭಾಗ ಬಂದ್ ಆತಂತಲ್ಲ, ಬೆಂಚು ಒಯ್ಯಾಕ ಬಂದೇವ್ರಿ."